ಲಿವರ್ ಕಾಯಿಲೆಯವರು ಹಸಿದು ಮಲಗಬಾರದು: ಮಾಂಸಖಂಡ ಉಳಿಸಿಕೊಳ್ಳುವ ಕ್ರಮ

"ಮೇಡಂ, ಅಪ್ಪನಿಗೆ ಸಿರೋಸಿಸ್ ಅಂತ ಹೇಳಿದ್ದಾರೆ. ಏನು ಪಥ್ಯ ಮಾಡಿಸಬೇಕು?"

ಬೆಂಗಳೂರಿನಲ್ಲಿ ಆಹಾರ ಸಲಹೆ ಕೊಡುವ ಕೆಲಸದಲ್ಲಿರುವ ನನಗೆ ಈ ಪ್ರಶ್ನೆ ವಾರಕ್ಕೆ ನಾಲ್ಕೈದು ಸಲವಾದರೂ ಬರುತ್ತದೆ. ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಇರುತ್ತದೆ. ಎಣ್ಣೆ ಬಿಡಿಸಬೇಕು, ಬೇಳೆ ಬಿಡಿಸಬೇಕು, ಮೊಟ್ಟೆ ಮುಟ್ಟಿಸಬಾರದು, ಎರಡು ಹೊತ್ತು ಮಜ್ಜಿಗೆ ಅನ್ನ ಕೊಡಬೇಕು. ಕಾಮಾಲೆ ಬಂದಾಗ ಅಜ್ಜಿ ಮಾಡಿಸುತ್ತಿದ್ದ ಪಥ್ಯ ಅದು. ಪ್ರೀತಿಯಿಂದಲೇ ಮಾಡಿಸುತ್ತಾರೆ. ಆದರೆ ವರ್ಷಗಟ್ಟಲೆ ಇರುವ ಲಿವರ್ ಕಾಯಿಲೆಗೆ ಅದೇ ಪಥ್ಯ ಮಾಡಿಸಿದರೆ ರೋಗಿಯ ಮೈಯಲ್ಲಿರುವ ಮಾಂಸಖಂಡ ಕರಗಿ ಹೋಗುತ್ತದೆ. ಮಾಂಸಖಂಡ ಕರಗಿದವರು ಬೇಗ ಸೋಲುತ್ತಾರೆ. ಹಾಗಾಗಿ ನನ್ನ ಉತ್ತರ ಯಾವಾಗಲೂ ಒಂದೇ: ಈ ಕಾಯಿಲೆಯಲ್ಲಿ ಹೊತ್ತು ಹೊತ್ತಿಗೆ ತಿನ್ನಿಸುವುದೇ ಪಥ್ಯ.

ಹೇಗೆ ಅನ್ನುವುದನ್ನು ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ. ಇದು ದೊಡ್ಡವರಿಗೆ. ಮಕ್ಕಳ ಲಿವರ್ ಕಾಯಿಲೆಯ ಲೆಕ್ಕವೇ ಬೇರೆ.

ಲಿವರ್‌ಗೂ ತೋಳು ತೊಡೆಗೂ ಏನು ಸಂಬಂಧ?

ಲಿವರ್ ಮತ್ತೆ ಮತ್ತೆ ಗಾಯವಾಗಿ, ಕಲೆಗಟ್ಟಿ, ಗಟ್ಟಿಯಾದ ಸ್ಥಿತಿಗೆ ಸಿರೋಸಿಸ್ ಅನ್ನುತ್ತಾರೆ. ಕುಡಿತ, ಕೊಬ್ಬಿನ ಲಿವರ್, ಹೆಪಟೈಟಿಸ್ ಬಿ ಅಥವಾ ಸಿ, ಹೀಗೆ ಕಾರಣ ಯಾವುದೇ ಇರಬಹುದು.

ಆರೋಗ್ಯವಾಗಿರುವ ಲಿವರ್ ಒಂದು ಉಗ್ರಾಣ ಇದ್ದ ಹಾಗೆ. ಊಟದಿಂದ ಬಂದ ಸಕ್ಕರೆಯಲ್ಲಿ ಒಂದಷ್ಟನ್ನು ಕೂಡಿಟ್ಟುಕೊಂಡು, ನಾವು ಮಲಗಿರುವಾಗ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಸಿರೋಸಿಸ್ ಆದಾಗ ಈ ಉಗ್ರಾಣ ಚಿಕ್ಕದಾಗುತ್ತದೆ. ರಾತ್ರಿ ಎಂಟಕ್ಕೆ ಉಂಡು ಮಲಗಿದವರ ಉಗ್ರಾಣ ಬೆಳಕು ಹರಿಯುವ ಮೊದಲೇ ಬರಿದು. ಆಗ ದೇಹ ತನ್ನದೇ ಮಾಂಸಖಂಡವನ್ನು ಒಡೆದು ಸಕ್ಕರೆ ಮಾಡಿಕೊಳ್ಳುತ್ತದೆ. ಆರೋಗ್ಯವಂತರು ಎರಡು ಮೂರು ದಿನ ಉಪವಾಸ ಮಾಡಿದರೆ ದೇಹ ಯಾವ ಸ್ಥಿತಿಗೆ ಬರುತ್ತದೋ, ಸಿರೋಸಿಸ್ ಇರುವವರು ಒಂದೇ ರಾತ್ರಿಯಲ್ಲಿ ಆ ಸ್ಥಿತಿಗೆ ಬರುತ್ತಾರೆ. ಪ್ರತಿ ರಾತ್ರಿ ಹೀಗೇ ಆದರೆ ಏನಾಗಬೇಕು ಹೇಳಿ.

ಇನ್ನೊಂದು ಸಂಬಂಧವೂ ಇದೆ. ರಕ್ತದಲ್ಲಿರುವ ಅಮೋನಿಯಾ ಎಂಬ ವಿಷವನ್ನು ತೆಗೆಯುವುದು ಲಿವರ್ ಕೆಲಸ. ಲಿವರ್ ಕೈಲಾಗದೆ ಹೋದಾಗ ಆ ಕೆಲಸದ ಒಂದು ಪಾಲನ್ನು ಮಾಂಸಖಂಡ ಹೊರುತ್ತದೆ. ಮಾಂಸಖಂಡ ಕಡಿಮೆಯಾದರೆ ಅಮೋನಿಯಾ ಏರುತ್ತದೆ. ಏರಿದ ಅಮೋನಿಯಾ ಉಳಿದ ಮಾಂಸಖಂಡವನ್ನೂ ಬೆಳೆಯಲು ಬಿಡುವುದಿಲ್ಲ.

ಹೀಗೆ ಮಾಂಸಖಂಡವೂ ಬಲವೂ ಕುಗ್ಗುವುದಕ್ಕೆ ವೈದ್ಯರು ಸಾರ್ಕೋಪೀನಿಯಾ ಅನ್ನುತ್ತಾರೆ. ಕೆನಡಾದಲ್ಲಿ ಲಿವರ್ ಕಸಿಗೆ ತಪಾಸಣೆಗೆ ಬಂದಿದ್ದ 112 ಸಿರೋಸಿಸ್ ರೋಗಿಗಳ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 40 ಮಂದಿಗೆ ಮಾಂಸಖಂಡ ಕರಗಿತ್ತು. ಕರಗಿದವರ ಗುಂಪಿನಲ್ಲಿ ಅರ್ಧದಷ್ಟು ಜನ ಬದುಕಿದ್ದ ಅವಧಿ 19 ತಿಂಗಳು. ಕರಗದವರಲ್ಲಿ ಅದು 34 ತಿಂಗಳು. ಅವರು ಕಾಯಿಲೆ ಬಲಿತಿದ್ದ ರೋಗಿಗಳು, ಅದೂ ಆ ಕಾಲದ ಚಿಕಿತ್ಸೆ. ಹಾಗಾಗಿ ಈ ಅಂಕಿ ಹಿಡಿದು ನಿಮ್ಮ ಮನೆಯವರ ಆಯಸ್ಸು ಎಣಿಸಬೇಡಿ. ಮಾಂಸಖಂಡಕ್ಕೂ ಬದುಕಿಗೂ ಎಷ್ಟು ಹತ್ತಿರದ ನಂಟಿದೆ ಅನ್ನುವುದನ್ನಷ್ಟೇ ನೋಡಿ.

ರಿಪೋರ್ಟಿನಲ್ಲಿ ಮೆಲ್ಡ್ ಸ್ಕೋರ್ ಅಂತ ಒಂದು ಸಂಖ್ಯೆ ಇರುತ್ತದಲ್ಲ, ಲಿವರ್ ಎಷ್ಟು ಕೆಟ್ಟಿದೆ ಎಂದು ರಕ್ತಪರೀಕ್ಷೆಯಿಂದ ಹೇಳುವ ಲೆಕ್ಕ, ಅದರಲ್ಲಿ ಮಾಂಸಖಂಡದ ಸುದ್ದಿಯೇ ಇರುವುದಿಲ್ಲ. ಅದನ್ನು ಮನೆಯವರೇ ಕಣ್ಣಿಟ್ಟು ನೋಡಬೇಕು.

ಏನೇನು ಬೇಕು?

ಕೈ ಇಲ್ಲದ ಗಟ್ಟಿ ಕುರ್ಚಿ ಒಂದು, ಟೈಲರ್ ಅಳತೆ ಟೇಪು, ತೂಕದ ಯಂತ್ರ, ಗಡಿಯಾರ ಇರುವ ಮೊಬೈಲ್, ಒಂದು ನೋಟ್‌ಬುಕ್. ಅಡುಗೆಮನೆಯ ಚಿಕ್ಕ ತಕ್ಕಡಿ ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ.

ಹಂತ 1: ವೈದ್ಯರ ಹತ್ತಿರ ಐದು ಪ್ರಶ್ನೆ ಕೇಳಿ

ಏನನ್ನೂ ಬದಲಾಯಿಸುವ ಮೊದಲು ನಿಮ್ಮ ಲಿವರ್ ವೈದ್ಯರಿಂದ ಇವನ್ನು ತಿಳಿದುಕೊಂಡು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

- ಎಂಡೋಸ್ಕೋಪಿ ಆಗಿದೆಯಾ? ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳು, ಅಂದರೆ ವೇರಿಸಸ್, ಇವೆಯಾ? ವ್ಯಾಯಾಮ ಶುರು ಮಾಡುವ ಮೊದಲು ಇದು ಗೊತ್ತಿರಲೇಬೇಕು.
- ಹೊಟ್ಟೆಯಲ್ಲಿ ನೀರು, ಅಂದರೆ ಅಸೈಟಿಸ್, ಇದೆಯಾ? ಎಷ್ಟಿದೆ?
- ಕಿಡ್ನಿ ಹೇಗಿದೆ? ಸೋಡಿಯಂ, ಪೊಟ್ಯಾಷಿಯಂ ಎಷ್ಟಿದೆ?
- ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ, ರಾತ್ರಿ ತಿಂಡಿ ಸೇರಿಸಿದಾಗ ಡೋಸ್ ಬದಲಿಸಬೇಕಾ?
- ಈಗಾಗಲೇ ಹೊಟ್ಟೆಯ ಸಿಟಿ ಸ್ಕ್ಯಾನ್ ಆಗಿದ್ದರೆ ಅದರಲ್ಲೇ ಮಾಂಸಖಂಡ ನೋಡಬಹುದಾ? ಸೊಂಟದ ಮೂರನೇ ಮೂಳೆಯ ಮಟ್ಟದಲ್ಲಿ ಕಾಣುವ ಮಾಂಸಖಂಡವನ್ನು ಅಳೆದು ಹೇಳಬಹುದು. ಇದಕ್ಕೆಂದೇ ಇನ್ನೊಂದು ಸ್ಕ್ಯಾನ್ ಮಾಡಿಸಬೇಕಾಗಿಲ್ಲ.

ಕುಡಿತ ಇದ್ದರೆ ಅದು ಪೂರ್ತಿ ನಿಲ್ಲಬೇಕು. ವಾರಕ್ಕೊಂದು ಬಿಯರ್ ಕೂಡ ಬೇಡ. ಆದರೆ ದಿನವೂ ಜಾಸ್ತಿ ಕುಡಿಯುತ್ತಿದ್ದವರು ಮನೆಯಲ್ಲೇ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ವೈದ್ಯರಿಗೆ ಹೇಳಿಯೇ ನಿಲ್ಲಿಸಿ.

ಹಂತ 2: ಮಾಂಸಖಂಡ ಎಷ್ಟಿದೆ, ಬಲ ಎಷ್ಟಿದೆ ನೋಡಿ

ತೂಕ ನೋಡಿ ಸಮಾಧಾನ ಪಡಬೇಡಿ. ಇಲ್ಲಿ ಹೆಚ್ಚು ಜನ ಎಡವುವುದು ಇದೇ ಜಾಗದಲ್ಲಿ. ಹೊಟ್ಟೆಯಲ್ಲಿ ಐದಾರು ಲೀಟರ್ ನೀರು ತುಂಬಿದ್ದರೆ ಯಂತ್ರ 70 ಕೆಜಿ ತೋರಿಸುತ್ತದೆ. ಒಳಗೆ ತೊಡೆ ತೋಳು ಕರಗಿರುತ್ತವೆ. ಒಬ್ಬ ತಾಯಿ ನನ್ನೆದುರು ಕೂತು "ತೂಕ ಒಂದು ಕೆಜಿ ಜಾಸ್ತಿನೇ ಆಗಿದೆ" ಎಂದು ಖುಷಿಯಿಂದ ಹೇಳುತ್ತಿದ್ದರು. ಕೈ ಎತ್ತಿ ಸೆರಗು ಸರಿಮಾಡಿಕೊಂಡಾಗ ಗಾಜಿನ ಬಳೆಗಳು ಮೊಣಕೈವರೆಗೂ ಜಾರಿದವು. ಹೋದ ಯುಗಾದಿಗೆ ತೊಟ್ಟಾಗ ಅವೇ ಬಳೆ ಮಣಿಕಟ್ಟು ದಾಟಿ ಮೇಲೆ ಹೋಗುತ್ತಿರಲಿಲ್ಲವಂತೆ.

ಇಂಥದ್ದನ್ನೇ ನೋಡಿ. ಕಣತಲೆ ಗುಳಿ ಬಿದ್ದಿದೆಯಾ? ಕುತ್ತಿಗೆಯ ಕೆಳಗಿನ ಮೂಳೆ ಎದ್ದು ಕಾಣುತ್ತಿದೆಯಾ? ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಉಬ್ಬು ಚಪ್ಪಟೆಯಾಗಿದೆಯಾ? ಅಂಗಿಯ ತೋಳು ಸಡಿಲವಾಗಿ, ಪ್ಯಾಂಟಿನ ಸೊಂಟ ಮಾತ್ರ ಬಿಗಿಯಾಗಿದೆಯಾ?

ಆಮೇಲೆ ಈ ಮೂರು ಅಳತೆ ಮಾಡಿ.

ಕುರ್ಚಿ ಪರೀಕ್ಷೆ: ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ರೋಗಿ ಎರಡೂ ಕೈಯನ್ನು ಎದೆಗೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ನಿಂತು ಕೂರಬೇಕು. ನೀವು ಪಕ್ಕದಲ್ಲೇ ನಿಂತಿರಿ. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಗ್ಗಿದೆ ಎಂದು ಲೆಕ್ಕ. ಏಷ್ಯಾದವರಿಗೆಂದು 2019ರಲ್ಲಿ ಗೊತ್ತುಮಾಡಿದ ಗಡಿ ಇದು.

ಮೀನಖಂಡದ ಸುತ್ತಳತೆ: ಮೊಣಕಾಲ ಕೆಳಗೆ ಹಿಂಭಾಗದಲ್ಲಿ ಅತಿ ದಪ್ಪ ಇರುವ ಜಾಗದಲ್ಲಿ ಟೇಪು ಸುತ್ತಿ. ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಎಚ್ಚರ. ಕಾಲು ಊದಿದ್ದರೆ ಈ ಅಳತೆ ನಂಬಬೇಡಿ, ತೋಳಿನ ಮಧ್ಯಭಾಗದ ಸುತ್ತಳತೆ ಬರೆದುಕೊಂಡು ತಿಂಗಳಿಂದ ತಿಂಗಳಿಗೆ ಹೋಲಿಸಿ.

ಹಿಡಿತದ ಬಲ: ಇದಕ್ಕೆ ಒಂದು ಚಿಕ್ಕ ಉಪಕರಣ ಬೇಕು. ಫಿಸಿಯೋಥೆರಪಿ ವಿಭಾಗದಲ್ಲಿ ಕೇಳಿ, ಎರಡು ನಿಮಿಷದ ಕೆಲಸ. ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿಗಿಂತ ಕಡಿಮೆ ಬಂದರೆ ಬಲ ಕಡಿಮೆ ಎಂದರ್ಥ. ಅಲ್ಲಿಯವರೆಗೆ ಮನೆಯಲ್ಲಿ ನೀರಿನ ಬಾಟಲಿ ಮುಚ್ಚಳ ತಿರುಗಿಸಲು, ಒದ್ದೆ ಬಟ್ಟೆ ಹಿಂಡಲು ಕಷ್ಟ ಆಗುತ್ತಿದೆಯಾ ಗಮನಿಸಿ.

ಹಂತ 3: ಎಷ್ಟು ತಿನ್ನಬೇಕು, ಲೆಕ್ಕ ಹಾಕಿ

ಮೊದಲು ನೀರು ಕಳೆದ ತೂಕ ತಿಳಿಯಬೇಕು. ಹೊಟ್ಟೆಯಲ್ಲಿ ನೀರು ಸ್ವಲ್ಪ ಇದ್ದರೆ ತೂಕದಲ್ಲಿ ನೂರಕ್ಕೆ 5, ಮಧ್ಯಮ ಇದ್ದರೆ 10, ತುಂಬಾ ಇದ್ದರೆ 15 ಪಾಲು ಕಳೆಯಿರಿ. ಎರಡೂ ಕಾಲು ಊದಿದ್ದರೆ ಇನ್ನೂ 5. ಉದಾಹರಣೆಗೆ, ಯಂತ್ರದಲ್ಲಿ 70 ಕೆಜಿ, ಮಧ್ಯಮ ನೀರು, ಕಾಲೂ ಊದಿದೆ ಅಂದುಕೊಳ್ಳಿ. ನೂರಕ್ಕೆ 15 ಕಳೆದರೆ ನಿಜವಾದ ತೂಕ ಸುಮಾರು 60 ಕೆಜಿ.

ಈ ತೂಕದ ಪ್ರತಿ ಕೆಜಿಗೆ ದಿನಕ್ಕೆ ಪ್ರೋಟೀನ್ 1.2ರಿಂದ 1.5 ಗ್ರಾಂ ಬೇಕು. ಕ್ಯಾಲೊರಿ ಕನಿಷ್ಠ 35 ಬೇಕು. ಅಂದರೆ 60 ಕೆಜಿಯವರಿಗೆ ಪ್ರೋಟೀನ್ 72ರಿಂದ 90 ಗ್ರಾಂ, ಕ್ಯಾಲೊರಿ 2,100. ಲಿವರ್ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುವ ಪ್ರಮಾಣ ಇದೇ.

ದಪ್ಪಗಿರುವವರಲ್ಲೂ ಮಾಂಸಖಂಡ ಕರಗಿರಬಹುದು, ಕೊಬ್ಬಿನ ಅಡಿಯಲ್ಲಿ ಅದು ಕಾಣುವುದಿಲ್ಲ ಅಷ್ಟೆ. ಅವರಿಗೆ ಕ್ಯಾಲೊರಿ ಕಡಿಮೆ ಮಾಡಬೇಕಾಗಬಹುದು, ಪ್ರೋಟೀನ್ ಕಡಿಮೆ ಮಾಡುವಂತಿಲ್ಲ. ಆ ಲೆಕ್ಕವನ್ನು ಡಯಟೀಶಿಯನ್ ಹತ್ತಿರವೇ ಹಾಕಿಸಿ. ಕಿಡ್ನಿ ಕಾಯಿಲೆಯೂ ಇದ್ದವರು ಕೂಡ ಹಾಗೇ ಮಾಡಿ.

ಹಂತ 4: ಹಸಿದಿರುವ ಹೊತ್ತನ್ನು ಮುರಿಯಿರಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ನಿಮಗೆ ಶಕ್ತಿ ಇದೆ ಅಂದರೆ ಇದನ್ನೇ ಮಾಡಿ. ಖರ್ಚು ಕಡಿಮೆ, ಇವತ್ತು ರಾತ್ರಿಯೇ ಶುರು ಮಾಡಬಹುದು.

ನಿಯಮ ಎರಡು. ಎಚ್ಚರ ಇರುವಾಗ ಮೂರು ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡಬಾರದು. ಮಲಗುವ ಮೊದಲು ಕನಿಷ್ಠ 50 ಗ್ರಾಂ ಪಿಷ್ಟ ಇರುವ ತಿಂಡಿ ತಿನ್ನಬೇಕು, ಜೊತೆಗೆ ಸ್ವಲ್ಪ ಪ್ರೋಟೀನ್ ಇರಬೇಕು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಇದನ್ನು ಒಂದು ವರ್ಷ ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ಒಂದೇ ಪೂರಕ ಆಹಾರವನ್ನು ಕೆಲವು ಸಿರೋಸಿಸ್ ರೋಗಿಗಳಿಗೆ ಹಗಲು, ಕೆಲವರಿಗೆ ರಾತ್ರಿ ಕೊಟ್ಟರು. ರಾತ್ರಿ ತಿಂದವರಲ್ಲಿ ಸುಮಾರು 2 ಕೆಜಿ ಕೊಬ್ಬಿಲ್ಲದ ಮೈ ಹೆಚ್ಚುವಷ್ಟು ಪ್ರೋಟೀನ್ ಕೂಡಿತು. ಹಗಲು ತಿಂದವರಲ್ಲಿ ಹಾಗಾಗಲಿಲ್ಲ. ಆಹಾರ ಅದೇ, ಹೊತ್ತು ಬೇರೆ.

ರಾತ್ರಿ ಹತ್ತರ ತಿಂಡಿಗೆ ನಮ್ಮ ಮನೆಗಳಲ್ಲಿ ಸುಲಭವಾಗಿ ಆಗುವಂಥವು:

- 200 ಎಂಎಲ್ ಹಾಲಿನಲ್ಲಿ 50 ಗ್ರಾಂ ಅವಲಕ್ಕಿ ನೆನೆಸಿ
- ಎರಡು ಚಪಾತಿ, ಒಂದು ಲೋಟ ಹಾಲು
- ನಾಲ್ಕು ದೊಡ್ಡ ಚಮಚ ರಾಗಿ ಹುರಿಹಿಟ್ಟು ಹಾಲಿಗೆ ಕಲಸಿ, ಜೊತೆಗೆ ಒಂದು ಬಾಳೆಹಣ್ಣು
- ಎರಡು ಸ್ಲೈಸ್ ಬ್ರೆಡ್, ಹಾಲು, ಬಾಳೆಹಣ್ಣು

ಪೊಟ್ಯಾಷಿಯಂ ಜಾಸ್ತಿ ಇದೆ ಎಂದು ವೈದ್ಯರು ಹೇಳಿದ್ದರೆ ಬಾಳೆಹಣ್ಣು ಬಿಟ್ಟು ಚಪಾತಿ ಅಥವಾ ಅವಲಕ್ಕಿ ಆರಿಸಿ. ಬರೀ ಹಾಲು ಕುಡಿದು ಮಲಗಿದರೆ ಸಾಲದು. ಒಂದು ಲೋಟ ಹಾಲಿನಲ್ಲಿ ಪಿಷ್ಟ, ಸಕ್ಕರೆ ಎಲ್ಲ ಸೇರಿ 10 ಗ್ರಾಂ ಅಷ್ಟೇ ಇರುತ್ತದೆ. ಸಕ್ಕರೆ ಕಾಯಿಲೆ ಇದೆ ಅಂತ ಈ ತಿಂಡಿಯನ್ನು ಬಿಡಬೇಡಿ. ಚಪಾತಿ ಹಾಲು ಇಟ್ಟುಕೊಂಡು, ಔಷಧಿಯ ಡೋಸ್ ಅನ್ನು ವೈದ್ಯರ ಹತ್ತಿರ ಸರಿಮಾಡಿಸಿಕೊಳ್ಳಿ. ರಾತ್ರಿ ಊಟ ಒಂಬತ್ತೂವರೆಗೆ ಆಗುವ ಮನೆಯಲ್ಲಿ ಹತ್ತಕ್ಕೆ ಮತ್ತೆ ತಿನ್ನು ಅಂದರೆ ಯಾರಿಗೂ ಆಗುವುದಿಲ್ಲ. ರೋಗಿಗೆ ಊಟವನ್ನು ಏಳೂವರೆಗೆ ತನ್ನಿ.

ಹಸಿವಿನ ಹೊತ್ತು ನುಸುಳುವ ಜಾಗಗಳು ಇನ್ನೂ ಇವೆ.

ಬೆಳಗಿನ ಪೂಜೆ. ಸ್ನಾನ, ಪೂಜೆ ಮುಗಿಯದೆ ಬಾಯಿಗೆ ಏನೂ ಹಾಕದವರು ಬಹಳ. ಹನ್ನೆರಡು ಗಂಟೆ ಹಸಿದ ಮೈಗೆ ಇನ್ನೆರಡು ಗಂಟೆ ಸೇರುತ್ತದೆ. ಎದ್ದ ಅರ್ಧ ಗಂಟೆಯಲ್ಲಿ ಹಾಲು, ಎರಡು ಬಿಸ್ಕೆಟ್ ಆದರೂ ಕೊಡಿ. ಬರೀ ಕಾಫಿ ಲೆಕ್ಕಕ್ಕಿಲ್ಲ.

ಏಕಾದಶಿ, ಸಂಕಷ್ಟಿ, ಶ್ರಾವಣದ ಒಪ್ಪೊತ್ತು. ಇದನ್ನು ಹೇಳುವಾಗ ನನಗೂ ಸಂಕಟ ಆಗುತ್ತದೆ, ಜೀವನಪೂರ್ತಿ ನಡೆಸಿಕೊಂಡು ಬಂದ ವ್ರತ ಅದು. ಆದರೂ ಸಿರೋಸಿಸ್ ಇರುವವರು ಉಪವಾಸ ಮಾಡಬಾರದು. ಕಾಯಿಲೆಯವರಿಗೆ ವ್ರತದಲ್ಲಿ ವಿನಾಯಿತಿ ಇದೆ ಎಂದು ಮನೆಯ ಹಿರಿಯರಿಂದಲೋ ಪುರೋಹಿತರಿಂದಲೋ ಹೇಳಿಸಿ. ನಿಮ್ಮ ಮಾತಿಗಿಂತ ಅವರ ಮಾತು ಬೇಗ ನಾಟುತ್ತದೆ.

ಆಸ್ಪತ್ರೆಯ ದಿನ. ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆಂದು ಆರಕ್ಕೆ ಮನೆ ಬಿಟ್ಟವರು, ಟ್ರಾಫಿಕ್ಕು, ಟೋಕನ್ನು, ಸ್ಕ್ಯಾನಿನ ಸರದಿ ಮುಗಿಸಿ ಮಧ್ಯಾಹ್ನ ಒಂದಕ್ಕೆ ತಿನ್ನುತ್ತಾರೆ. ಹಿಂದಿನ ರಾತ್ರಿಯ ಊಟ ಎಂಟಕ್ಕಾಗಿದ್ದರೆ ಅದು ಹದಿನೇಳು ಗಂಟೆ! ಎಷ್ಟು ಗಂಟೆ ಖಾಲಿ ಇರಬೇಕು ಎಂದು ಮುಂಚೆಯೇ ಕೇಳಿ, ಬೆಳಗಿನ ಮೊದಲ ಸರದಿ ಕೇಳಿಕೊಳ್ಳಿ. ಬ್ಯಾಗಿನಲ್ಲಿ ಡಬ್ಬಿ ಇರಲಿ. ರಕ್ತ ಕೊಟ್ಟ ತಕ್ಷಣ ಅಲ್ಲೇ ಬೆಂಚಿನ ಮೇಲೆ ಕೂತು ತಿನ್ನಲಿ.

ಹಂತ 5: ಪ್ರೋಟೀನ್ ತುಂಬಿಸಿ

"ಪ್ರೋಟೀನ್ ಕೊಟ್ಟರೆ ತಲೆಗೇರುತ್ತಂತೆ, ಹೌದಾ?"

ಈ ಭಯ ಎಲ್ಲಿಂದ ಬಂತು ಅಂದರೆ, ಅಮೋನಿಯಾ ಏರಿ ಮೆದುಳು ಮಂಕಾಗುವ ಸ್ಥಿತಿ ಇದೆ, ಎನ್‌ಸೆಫಲೋಪತಿ ಅನ್ನುತ್ತಾರೆ. ಹಿಂದೆ ವೈದ್ಯರೇ ಅಂಥವರಿಗೆ ಪ್ರೋಟೀನ್ ನಿಲ್ಲಿಸುತ್ತಿದ್ದರು. 2004ರಲ್ಲಿ ಬಾರ್ಸಿಲೋನಾದ ವೈದ್ಯರು ಆ ಸ್ಥಿತಿಯಲ್ಲಿದ್ದ 30 ರೋಗಿಗಳಲ್ಲಿ ಪರೀಕ್ಷಿಸಿ ನೋಡಿದರು. ಸಾಮಾನ್ಯ ಪ್ರಮಾಣದ ಪ್ರೋಟೀನ್ ಕೊಟ್ಟವರೂ ಕಡಿಮೆ ಕೊಟ್ಟವರೂ ಒಂದೇ ರೀತಿ ಚೇತರಿಸಿಕೊಂಡರು. ಕಡಿಮೆ ಕೊಟ್ಟವರ ಮೈಯಲ್ಲಿ ಪ್ರೋಟೀನ್ ಹೆಚ್ಚು ಒಡೆಯಿತು. ಈಗ ಯಾವ ಮಾರ್ಗಸೂಚಿಯೂ ಪ್ರೋಟೀನ್ ಬಿಡಿಸಿ ಅನ್ನುವುದಿಲ್ಲ. ಒಮ್ಮೆ ಮಂಕು ಬಂದಿದ್ದವರಿಗೆ ಮಾಂಸಕ್ಕಿಂತ ಹಾಲು, ಮೊಸರು, ಬೇಳೆಕಾಳಿನ ಪ್ರೋಟೀನ್ ಚೆನ್ನಾಗಿ ಒಗ್ಗುತ್ತದೆ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ಲ್ಯಾಕ್ಟುಲೋಸ್ ಸಿರಪ್ ಬರೆದಿದ್ದರೆ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೊರಗೆ ಹೋಗುವಂತೆ ಕುಡಿಸಿ. ಮಂಕಿನ ಮೂಲ ಹೆಚ್ಚಾಗಿ ಮಲಬದ್ಧತೆಯಲ್ಲಿ, ಸೋಂಕಿನಲ್ಲಿ, ನಿದ್ದೆ ಮಾತ್ರೆಯಲ್ಲಿ ಇರುತ್ತದೆ.

ನಮ್ಮ ಅಡುಗೆಯಲ್ಲಿ ಎಲ್ಲಿ ಎಷ್ಟಿದೆ ನೋಡಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ. 200 ಎಂಎಲ್ ಹಾಲಿನಲ್ಲಿ ಸುಮಾರು 6. ಬೇಯಿಸುವ ಮೊದಲಿನ 30 ಗ್ರಾಂ ಬೇಳೆಯಲ್ಲಿ 7. 30 ಗ್ರಾಂ ಹುರಿಗಡಲೆಯಲ್ಲಿ, ಅಂದರೆ ಒಂದು ಹಿಡಿಯಲ್ಲಿ, 6. 50 ಗ್ರಾಂ ಪನ್ನೀರಿನಲ್ಲಿ 9. 100 ಗ್ರಾಂ ರಾಗಿ ಹಿಟ್ಟಿನಲ್ಲಿ 7. ಬೆಂದ ಕೋಳಿಮಾಂಸ 100 ಗ್ರಾಮಿಗೆ 25ಕ್ಕೂ ಮೇಲೆ.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. "ದಿನಾ ಸಾರು ಕೊಡ್ತೀವಿ" ಅನ್ನುತ್ತಾರೆ. ತಿಳಿಸಾರಿನಲ್ಲಿ ಪ್ರೋಟೀನ್ ಹೆಚ್ಚೇನೂ ಇರುವುದಿಲ್ಲ. ಬಸ್ಸಾರು ಮಾಡಿದಾಗ ಬೇಳೆ ಕಾಳೆಲ್ಲ ಬಸಿದು ಪಲ್ಯಕ್ಕೆ ಹೋಗಿರುತ್ತದೆ, ರೋಗಿಯ ತಟ್ಟೆಗೆ ಬಸಿದ ಕಟ್ಟಿನ ಸಾರು ಬರುತ್ತದೆ. ಪಲ್ಯವನ್ನು ಮೊದಲು ಅವರಿಗೆ ಬಡಿಸಿ. ಬೇಳೆ ಸಾರಾದರೆ ಸೌಟನ್ನು ತಳಕ್ಕೆ ಇಳಿಸಿ ಗಟ್ಟಿ ಭಾಗ ಹಾಕಿ.

60 ಕೆಜಿಯವರಿಗೆ ಒಂದು ದಿನದ ಊಟ ಹೀಗಿರಬಹುದು:

- 6.30: ಹಾಲು, ಬಿಸ್ಕೆಟ್ (6 ಗ್ರಾಂ)
- 8.30: ಮೂರು ಇಡ್ಲಿ, ಬಟ್ಟಲು ತುಂಬ ಗಟ್ಟಿ ಸಾಂಬಾರ್, ಒಂದು ಬೇಯಿಸಿದ ಮೊಟ್ಟೆ (18)
- 11: ಒಂದು ಹಿಡಿ ಹುರಿಗಡಲೆ, ಒಂದು ಹಣ್ಣು (6)
- 1.30: ಒಂದು ಮುದ್ದೆ, ಸೊಪ್ಪು ಬೇಳೆ ಹುಳಿ, ಸ್ವಲ್ಪ ಅನ್ನ, ಬಟ್ಟಲು ಮೊಸರು (22)
- 4.30: ಹೆಸರುಕಾಳಿನ ಉಸ್ಲಿ (7)
- 7.30: ಮೂರು ಚಪಾತಿ, ಪನ್ನೀರ್ ಪಲ್ಯ (19)
- 10: ಎರಡು ಸ್ಲೈಸ್ ಬ್ರೆಡ್, ಹಾಲು (10), ಬಾಳೆಹಣ್ಣು

ಒಟ್ಟು 88 ಗ್ರಾಂ. ಮೊಟ್ಟೆ ತಿನ್ನದವರು ಅದರ ಬದಲು ಇನ್ನೊಂದು ಲೋಟ ಹಾಲು ಅಥವಾ ಹೆಸರುಬೇಳೆ ಕೋಸಂಬರಿ ಸೇರಿಸಿ. ಚಳಿಗಾಲದಲ್ಲಿ ಅವರೆಕಾಳು ಬಂದಾಗ ಉಪ್ಪಿಟ್ಟಿಗೂ ಸಾರಿಗೂ ಧಾರಾಳವಾಗಿ ಹಾಕಿ. ಕಡಲೆಕಾಯಿ ಬೀಜ ಒಳ್ಳೆಯದು, ಆದರೆ ಬೂಷ್ಟು ಹಿಡಿದ, ಕಹಿಯಾದ ಬೀಜವನ್ನು ಎಸೆದುಬಿಡಿ. ಅದರಲ್ಲಿ ಬೆಳೆಯುವ ಶಿಲೀಂಧ್ರದ ವಿಷ ನೇರವಾಗಿ ಲಿವರ್‌ಗೆ ಹೊಡೆಯುತ್ತದೆ.

ಈಗ ತಿನ್ನುವುದು ಇದರ ಅರ್ಧವೂ ಇಲ್ಲ ಅಂದರೆ ಗಾಬರಿ ಆಗಬೇಡಿ. ವಾರಕ್ಕೊಂದು ಹೊತ್ತು ಸರಿಮಾಡುತ್ತಾ ಬನ್ನಿ. ಮೂರು ತುತ್ತಿಗೇ ಹೊಟ್ಟೆ ತುಂಬಿತು ಅನ್ನುತ್ತಿದ್ದರೆ ನೀರು ಒತ್ತುತ್ತಿರಬಹುದು. ವೈದ್ಯರಿಗೆ ಹೇಳಿ. ನೀರು ತೆಗೆಸಿದ ಮೇಲೆ ತಿನ್ನುವುದು ಸುಧಾರಿಸುವುದನ್ನು ತುಂಬಾ ಸಲ ನೋಡಿದ್ದೇನೆ.

ಆಲ್ಬುಮಿನ್ ಬಗ್ಗೆ ಒಂದು ಮಾತು. ರಿಪೋರ್ಟಿನಲ್ಲಿ ಅದು ಕಡಿಮೆ ಇದೆ ಎಂದು ದಿನಕ್ಕೆ ಆರು ಮೊಟ್ಟೆಯ ಬಿಳಿ ತಿನ್ನಿಸುವವರಿದ್ದಾರೆ. ಆಲ್ಬುಮಿನ್ ತಯಾರಿಸುವುದು ಲಿವರ್. ಲಿವರ್ ಸೋತಿರುವುದರಿಂದ ಅದು ಕಡಿಮೆಯಾಗಿದೆ. ಊಟ ಸರಿಯಿದ್ದರೂ ಆ ಸಂಖ್ಯೆ ಬೇಗ ಏರದಿರಬಹುದು. ಅದನ್ನು ನೋಡಿ ಧೈರ್ಯ ಕಳೆದುಕೊಳ್ಳಬೇಡಿ, ಕುರ್ಚಿ ಪರೀಕ್ಷೆಯ ಸೆಕೆಂಡು ನೋಡಿ.

ಜಿಮ್‌ನವರ ಪ್ರೋಟೀನ್ ಪುಡಿ, ಲಿವರ್ ಟಾನಿಕ್, ನಾಟಿ ಔಷಧಿ ಇವನ್ನು ವೈದ್ಯರಿಗೆ ತೋರಿಸದೆ ಕೊಡಬೇಡಿ. ಗಿಡಮೂಲಿಕೆ ಅಂದಮಾತ್ರಕ್ಕೆ ಸುರಕ್ಷಿತ ಅಲ್ಲ. ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ.

ಹಂತ 6: ಉಪ್ಪು

ಹೊಟ್ಟೆಯಲ್ಲಿ ನೀರು ಇದ್ದವರಿಗೆ ದಿನಕ್ಕೆ ಸುಮಾರು 5 ಗ್ರಾಂ ಉಪ್ಪು, ಅಂದರೆ ಮಟ್ಟಸ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಬೇಕರಿಯ ಖಾರದ ತಿಂಡಿ ನಿಲ್ಲಿಸಿದರೆ ಅರ್ಧ ಕೆಲಸ ಆಯಿತು. ನಿಂಬೆ, ಜೀರಿಗೆ, ಮೆಣಸು, ಕೊತ್ತಂಬರಿ ಹಾಕಿ ರುಚಿ ಉಳಿಸಿ. ಉಪ್ಪು ಪೂರ್ತಿ ತೆಗೆದು, ಅವರು ತಟ್ಟೆ ಅರ್ಧಕ್ಕೇ ತಳ್ಳುವಂತೆ ಮಾಡಬೇಡಿ. ಅದು ಉಪ್ಪಿಗಿಂತ ದೊಡ್ಡ ನಷ್ಟ.

"ಲೋ ಸೋಡಿಯಂ" ಎಂದು ಮಾರುವ ಉಪ್ಪು ಬೇಡ. ಅದರಲ್ಲಿ ಪೊಟ್ಯಾಷಿಯಂ ಇರುತ್ತದೆ. ನೀರು ಇಳಿಸಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯೂ ಪೊಟ್ಯಾಷಿಯಂ ಏರಿಸುತ್ತದೆ. ಎರಡೂ ಸೇರಿದರೆ ಹೃದಯಕ್ಕೆ ಅಪಾಯ. ದಿನಾ ಎಳನೀರು ಕೊಡುವವರೂ ಇದೇ ಕಾರಣಕ್ಕೆ ವೈದ್ಯರನ್ನು ಕೇಳಿ.

ಹಂತ 7: ಮೈ ಅಲುಗಾಡಿಸಿ

ತಿಂದದ್ದು ಮಾಂಸಖಂಡವಾಗಬೇಕಾದರೆ ಅದಕ್ಕೆ ಕೆಲಸ ಕೊಡಬೇಕು. "ರೆಸ್ಟ್ ತಗೊಳ್ಳಿ" ಎಂದು ಮಂಚದ ಮೇಲೇ ಇರಿಸಿದರೆ ಇನ್ನೂ ಬೇಗ ಕರಗುತ್ತದೆ.

ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ, ವಾರಕ್ಕೆ ಐದು ದಿನ. ತಿಂಗಳೆರಡು ತಿಂಗಳಲ್ಲಿ ಅರ್ಧ ಗಂಟೆಗೆ ಏರಿಸಿ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆ ತಗೊಳ್ಳುವವರ ನಾಡಿ ಬೇಗ ಏರುವುದಿಲ್ಲ, ಹಾಗಾಗಿ ವಾಚಿನ ಲೆಕ್ಕ ನಂಬಬೇಡಿ. ನಮ್ಮ ಫುಟ್‌ಪಾತ್‌ಗಳ ಕಿತ್ತ ಕಲ್ಲಿನ ಮೇಲೆ ನಡೆಸಬೇಡಿ. ರಕ್ತ ಹೆಪ್ಪುಗಟ್ಟುವುದು ನಿಧಾನವಾಗಿರುವವರು ಬಿದ್ದರೆ ಕಷ್ಟ. ಮನೆ ಹತ್ತಿರದ ಪಾರ್ಕು ಅಥವಾ ಅಪಾರ್ಟ್‌ಮೆಂಟಿನ ಒಳರಸ್ತೆ ಸಾಕು. ಲಾಲ್‌ಬಾಗ್ ಹತ್ತಿರದವರು ಸಮತಟ್ಟಿನ ದಾರಿಯಲ್ಲಿ ನಡೆಯಲಿ, ಬಂಡೆ ಹತ್ತುವುದು ಆಮೇಲೆ.

ವಾರಕ್ಕೆ ಮೂರು ದಿನ ಬಲದ ವ್ಯಾಯಾಮ: ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಕೈಯೂರಿ ತಳ್ಳುವುದು, ಅರ್ಧ ಲೀಟರ್ ನೀರಿನ ಬಾಟಲಿ ಎತ್ತಿ ಇಳಿಸುವುದು. ಒಂದೊಂದನ್ನೂ ಎಂಟು ಹತ್ತು ಸಲ. ಎದ್ದೇಳುವಾಗ ಉಸಿರು ಬಿಡಬೇಕು. ಉಸಿರು ಕಟ್ಟಿ ಭಾರ ಎತ್ತಿದರೆ ಹೊಟ್ಟೆಯ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ವೇರಿಸಸ್, ಹೊಕ್ಕುಳ ಹರ್ನಿಯಾ ಇದ್ದವರು ವೈದ್ಯರ ಒಪ್ಪಿಗೆ ಇಲ್ಲದೆ ಇದನ್ನು ಶುರು ಮಾಡಲೇಬಾರದು. ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಬೇಡ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ನುಂಗಬೇಡಿ, ಕಿಡ್ನಿ ಕೈಕೊಡಬಹುದು.

ಹಂತ 8: ತಿಂಗಳಿಗೊಮ್ಮೆ ಅಳೆಯಿರಿ, ಆಸ್ಪತ್ರೆಗೆ ಓಡಬೇಕಾದ ದಿನ ಗುರುತಿಸಿ

ತೂಕವನ್ನು ದಿನಾ ಬೆಳಗ್ಗೆ ನೋಡಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ನೀರು, ಊಟದ ಫಲ ಅಲ್ಲ. ಕುರ್ಚಿ ಪರೀಕ್ಷೆ, ತೋಳು ಮತ್ತು ಮೀನಖಂಡದ ಅಳತೆ ತಿಂಗಳಿಗೊಮ್ಮೆ ಸಾಕು. ಮೂರು ತಿಂಗಳಿಗಿಂತ ಮೊದಲು ದೊಡ್ಡ ಬದಲಾವಣೆ ಕಾಯಬೇಡಿ.

ರಕ್ತವಾಂತಿ, ಟಾರಿನಂಥ ಕಪ್ಪು ಮಲ, ಜ್ವರ, ಹೊಟ್ಟೆನೋವು, ಮೂತ್ರ ಕಡಿಮೆಯಾಗುವುದು, ಇವು ಕಂಡ ದಿನವೇ ಆಸ್ಪತ್ರೆಗೆ ಹೋಗಿ. ಹಗಲೆಲ್ಲ ನಿದ್ದೆ ರಾತ್ರಿಯೆಲ್ಲ ಎಚ್ಚರ, ಕೈ ಚಾಚಿದರೆ ರೆಕ್ಕೆ ಬಡಿದ ಹಾಗೆ ಅಲುಗಾಡುವುದು, ಮಾತು ತಪ್ಪುವುದು ಮಂಕಿನ ಗುರುತು. ಇದನ್ನು ಬೇಗ ಹಿಡಿಯಲು, ನೋಟ್‌ಬುಕ್ಕಿನಲ್ಲಿ ರೋಗಿಯಿಂದ ದಿನಾ ಒಂದು ಸಹಿ ಹಾಕಿಸಿ. ಸಹಿಯ ಗೆರೆ ವಕ್ರವಾದ ದಿನ ನಿಮಗೇ ಗೊತ್ತಾಗುತ್ತದೆ.

ಲಿವರ್ ಕಸಿಯ ಮಾತು ಬಂದಿದ್ದರೆ ಈ ಹಂತಗಳನ್ನು ಇನ್ನೂ ಬಿಗಿಯಾಗಿ ಹಿಡಿಯಿರಿ. ಮಾಂಸಖಂಡ ಕರಗಿದವರಿಗೆ ಆಪರೇಷನ್ ನಂತರ ಸೋಂಕು ಜಾಸ್ತಿ, ಐಸಿಯು ದಿನಗಳೂ ಜಾಸ್ತಿ. ಮೃತರ ಅಂಗದಾನಕ್ಕಾಗಿ ಕಾಯುವವರ ಪಟ್ಟಿಯನ್ನು ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ, ಹೆಸರು ನೋಂದಾಯಿಸುವುದು ಕಸಿ ಮಾಡುವ ಆಸ್ಪತ್ರೆಯ ಮೂಲಕ. ಖಾಸಗಿ ಆಸ್ಪತ್ರೆಯ ಖರ್ಚು ಆಗದವರು ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರಿ ಗ್ಯಾಸ್ಟ್ರೋ ಮತ್ತು ಅಂಗಾಂಗ ಕಸಿ ಸಂಸ್ಥೆಯಲ್ಲಿ ವಿಚಾರಿಸಿ.

ಮುಂದಿನ ಸಲ ಒಪಿಡಿಗೆ ಹೋಗುವಾಗ ರಕ್ತದ ರಿಪೋರ್ಟಿನ ಜೊತೆ ನೋಟ್‌ಬುಕ್ಕನ್ನೂ ಮೇಜಿನ ಮೇಲೆ ಇಡಿ. ವೈದ್ಯರಿಗೆ ಸಮಯ ಕಡಿಮೆ ಇರುತ್ತದೆ, ಆದ್ದರಿಂದ ಮೊದಲು ಮೂರೇ ವಿಷಯ ಹೇಳಿ: ನೀರು ಕಳೆದ ತೂಕ ಎಷ್ಟು, ಐದು ಸಲ ಎದ್ದು ಕೂರಲು ಹೋದ ತಿಂಗಳು ಎಷ್ಟು ಸೆಕೆಂಡು ಈ ತಿಂಗಳು ಎಷ್ಟು, ಕಳೆದ ಒಂದು ವಾರದಲ್ಲಿ ಎಷ್ಟು ರಾತ್ರಿ ತಿಂದು ಮಲಗಿದರು.